ಹಕ್ಕಿ ಕಾಯುವ ಕಾಲ

ವಿಜಯಪುರ ಜಿಲ್ಲೆಯ ಎರೆಸೀಮೆಯಲ್ಲಿ 'ಹಕ್ಕಿ ಕಾಯುವುದು' ಎಂಬುದೊಂದು ಕೆಲಸದ ಹೆಸರು. ಹಿಂಗಾರಿ ಜೋಳದ ತೆನೆ ಹಾಲುಗಟ್ಟಿದಂದಿನಿಂದ ರಾಶಿಯಾಗುವವರೆಗೆ ಬೆಳಗ್ಗೆ ಸಂಜೆ ಹೊಲದಲ್ಲಿ ನಿಂತು, ಕೂಗು ಹಾಕಿ, ತಗಡು ಬಡಿದು, ಕವಣೆ ಬೀಸಿ ಹಕ್ಕಿಗಳನ್ನು ಎಬ್ಬಿಸುವುದೇ ಆ ಕೆಲಸ. ಕನ್ನಡದ 'ಕಾಯು' ಎಂಬ ಧಾತುವಿಗೆ ಕಾವಲಿರುವುದು, ಎದುರು ನೋಡುವುದು, ರಕ್ಷಿಸುವುದು ಎಂಬ ಮೂರು ಅರ್ಥಗಳುಂಟು. ರೈತನಿಗೆ ಅದು ಬೆಳೆಯನ್ನು ಹಕ್ಕಿಯಿಂದ ಕಾಯುವುದು. ದುರ್ಬೀನು ಹಿಡಿದು ದಂಡೆಯಲ್ಲಿ ಕುಳಿತ ಪಕ್ಷಿವೀಕ್ಷಕನಿಗೆ ಹಕ್ಕಿಗಾಗಿ ಕಾಯುವುದು. ಹಕ್ಕಿಯನ್ನೇ ಕಾಯುವುದು ಮೂರನೆಯದು. ಈ ಮೂರೂ ಒಂದೇ ಋತುವಿನಲ್ಲಿ, ಒಂದೇ ನೆಲದ ಮೇಲೆ ಸಂಧಿಸುತ್ತವೆ. ಅವುಗಳ ನಡುವಣ ಲೆಕ್ಕವನ್ನು ನೋಡದೆ ಹಕ್ಕಿಗಳ ಚೆಲುವನ್ನಷ್ಟೇ ಬಣ್ಣಿಸಿದರೆ ಮಾತು ಅರ್ಧಕ್ಕೆ ನಿಂತಂತಾಗುತ್ತದೆ.

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಸಾಲೋಟಗಿ, ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳ ನಾಡು ಈ ಮೂರು ಹೊಳೆಗಳ ನಡುವೆ ಹರಡಿದೆ. ಇಲ್ಲಿ ಮಳೆ ಕಡಿಮೆ. ಆದರೆ ಮಳೆಗಾಲದ ಕೊನೆಯಲ್ಲಿ ಕುಡಿದ ನೀರನ್ನು ಕಪ್ಪು ಮಣ್ಣು ತನ್ನೊಡಲಲ್ಲಿ ಹಿಡಿದಿಟ್ಟು, ಚಳಿಗಾಲವೆಲ್ಲ ಬಿಳಿಜೋಳಕ್ಕೂ ಕಡಲೆಗೂ ಕುಸುಬಿಗೂ ಉಣಿಸುತ್ತದೆ. ಉತ್ತರದ ದೇಶಗಳಲ್ಲಿ ಹಿಮ ಬಿದ್ದು ಕಾಳೂ ಹುಳುವೂ ಕಾಣದಂತಾದಾಗ ಇಲ್ಲಿ ತೆನೆ ತೂಗುತ್ತಿರುತ್ತದೆ. ವಲಸೆಯ ಹಕ್ಕಿಗಳು ಸಾವಿರಾರು ಮೈಲಿ ದಾಟಿ ಬರುವುದು ಈ ಕಾರಣದಿಂದ. ಸೀತನಿಯ ಸುಗ್ಗಿ ಮನುಷ್ಯನಿಗೆ ಮಾತ್ರ ಮೀಸಲಾದುದಲ್ಲ ಎಂಬುದನ್ನು ಇಲ್ಲಿಯ ಒಕ್ಕಲಿಗರು ಬಲ್ಲರು. ಎಳ್ಳಮಾವಾಸ್ಯೆಯಂದು ಹೊಲದ ತುಂಬ ಚರಗ ಚೆಲ್ಲುವ ಪದ್ಧತಿಯಲ್ಲಿ ಆ ತಿಳಿವಳಿಕೆ ಅಡಗಿದೆ. ಭೂಮಿತಾಯಿಗೆಂದು ಎರಚಿದ ಆ ಎಡೆಯನ್ನು ಉಣ್ಣುವವು ಹಕ್ಕಿ, ಇರುವೆ, ಹುಳುಗಳೇ ಅಲ್ಲವೇ?

ಆ ದಿನಗಳಲ್ಲಿ ಹೊಲ ಕಾಯುವ ಹುಡುಗನಿಗಿಂತ ಮಿಗಿಲಾದ ಪಕ್ಷಿಶಾಸ್ತ್ರಜ್ಞ ಈ ಸೀಮೆಯಲ್ಲಿಲ್ಲ. ಗುಲಾಬಿ ಮೈ, ಕಪ್ಪು ತಲೆ, ಕಪ್ಪು ರೆಕ್ಕೆಯ ಕಬ್ಬಕ್ಕಿಗಳ ಹಿಂಡು ಯಾವ ದಿಕ್ಕಿನಿಂದ ಬರುತ್ತದೆ, ಯಾವ ಮರದ ಮೇಲೆ ಇಳಿದು ಸದ್ದುಮಾಡುತ್ತದೆ, ಯಾವ ಹೊತ್ತಿಗೆ ತೆನೆಗೆ ಎರಗುತ್ತದೆ ಎಂಬುದು ಅವನಿಗೆ ಬಾಯಿಪಾಠ. ಅವನ ಪಾಲಿಗೆ ಅದು ಕಳ್ಳಹಕ್ಕಿ. ಇದೇ ಗುಲಾಬಿ ಕಬ್ಬಕ್ಕಿ ಬೇಸಿಗೆಯಲ್ಲಿ ಮಧ್ಯ ಏಷ್ಯದ ಒಣ ಬಯಲುಗಳಿಗೆ ಮರಳಿ, ಕಲ್ಲುಗಳ ಸಂದಿಯಲ್ಲಿ ಗೂಡುಕಟ್ಟಿ, ಮಿಡತೆಗಳನ್ನು ತಿಂದು ಮರಿಗಳನ್ನು ಸಾಕುತ್ತದೆ. ಚೀನದ ಶಿಂಜಿಯಾಂಗ್ ಪ್ರಾಂತದಲ್ಲಿ ಮಿಡತೆಯ ಹಾವಳಿಯನ್ನು ತಡೆಯಲೆಂದೇ ಜನರು ಈ ಹಕ್ಕಿಗೆ ಗೂಡುಕಟ್ಟಲು ಕಲ್ಲಿನ ಆಸರೆಗಳನ್ನು ಕಟ್ಟಿಕೊಟ್ಟಿದ್ದಾರೆ. ಇಲ್ಲಿ ಕಳ್ಳನೆನಿಸಿದ ಹಕ್ಕಿ ಅಲ್ಲಿ ಹುಲ್ಲುಗಾವಲಿನ ಕಾವಲುಗಾರ. ಒಂದೇ ಊರಿನ ಹೊಲದಲ್ಲಿ ನಿಂತು ಒಂದು ಹಕ್ಕಿಯ ಬಾಳಿಗೆಲ್ಲ ತೀರ್ಪು ಕೊಡುವುದು ಸಾಧುವಲ್ಲ.

ಹೊಲದ ಮೇಲೆ ರೆಕ್ಕೆಗಳನ್ನು ತುಸು ಮೇಲೆತ್ತಿ, ಬೆಳೆಯ ತುದಿಗೆ ತಾಗುವಷ್ಟು ತಗ್ಗಿ ತೇಲುವ ಸೆಳೆವ ಎಂಬ ಬೇಟೆಹಕ್ಕಿ ಇನ್ನೊಬ್ಬ ಅತಿಥಿ. ಗಂಡು ಬೂದು ಬಣ್ಣದ್ದು, ಹೆಣ್ಣು ಕಂದು. ಇದು ಕಾಳನ್ನು ಮುಟ್ಟದು. ಮಿಡತೆ, ಇಲಿ, ಸಣ್ಣಪುಟ್ಟ ಹಕ್ಕಿಗಳೇ ಇದರ ಆಹಾರ. ಹಗಲೆಲ್ಲ ರೈತನ ಕೆಲಸವನ್ನು ಕೂಲಿಯಿಲ್ಲದೆ ಮಾಡಿ, ಸಂಜೆ ಹಲವು ಕೂಡಿ ಹುಲ್ಲುಗಾವಲಿನ ನೆಲದ ಮೇಲೆಯೇ ಮಲಗುತ್ತವೆ. ಮರವನ್ನು ಕಡಿದರೆ ಹಕ್ಕಿಗೆ ಮನೆ ಇಲ್ಲದಾಗುವುದೆಂದು ಎಲ್ಲರೂ ಬಲ್ಲರು. ಊರ ಗಾಯರಾಣವನ್ನು ಉತ್ತರೂ ಹಾಗೆಯೇ ಆಗುವುದೆಂಬುದು ಬಹುಮಂದಿಗೆ ಹೊಳೆಯದು.

ಹೊಲದ ಹಕ್ಕಿಗಳನ್ನು ಬಿಟ್ಟು ನೀರಿನ ಹಕ್ಕಿಗಳನ್ನು ಕಾಣಬೇಕಾದರೆ ದಕ್ಷಿಣಕ್ಕೆ, ಆಲಮಟ್ಟಿಯ ಕಡೆಗೆ ಹೋಗಬೇಕು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿರಿಸಿದ ಆ ಅಣೆಕಟ್ಟಿಗೆ ಇಂದು ಅವರದೇ ಹೆಸರು. 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಸುಮಾರು 123 ಟಿ.ಎಂ.ಸಿ. ನೀರು ನಿಲ್ಲುವ ಈ ಜಲಾಶಯ ಕಡಲಿಲ್ಲದ ನಾಡಿಗೆ ಕಡಲಿನ ತೋರಿಕೆಯನ್ನು ತಂದುಕೊಟ್ಟಿದೆ. ಮಳೆಗಾಲದಲ್ಲಿ ಅಲೆಗಳೇಳುವ ಈ ನೀರು ಕಾಲುವೆಗಳಿಗೆ ಹರಿಯುತ್ತ ಚಳಿಗಾಲದಲ್ಲಿ ಹಿಂದೆ ಸರಿಯತೊಡಗಿದಾಗ, ಬಾಗಲಕೋಟೆ, ಬೀಳಗಿಗಳ ಕಡೆಯ ಹಿನ್ನೀರಿನಲ್ಲಿ ನೆಲದ ಮೂತಿಗಳು ಭೂಶಿರಗಳಂತೆ ನೀರಿನೊಳಗೆ ಚಾಚಿಕೊಳ್ಳುತ್ತವೆ. ಅವುಗಳ ಇಕ್ಕೆಲಗಳಲ್ಲಿ ಕೆಸರಿನ ದಂಡೆಗಳೂ ತೆಳುನೀರಿನ ಜೌಗುಗಳೂ ತೆರೆದುಕೊಳ್ಳುತ್ತವೆ. ಹಕ್ಕಿಗೆ ಬೇಕಾದುದು ಆಳವಾದ ನೀರಲ್ಲ, ಕಾಲೂರಲು ಸಿಗುವ ಇಂಥ ಅಂಚು.

ಆ ಅಂಚಿನಲ್ಲಿ ಬೆಳಗಿನ ಮಂಜು ಕರಗುವ ಹೊತ್ತಿಗೆ ಕಾಣಸಿಗುವ ಸಭೆ ಅಪೂರ್ವವಾದುದು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಟಿಬೆಟ್ಟಿನ ಮತ್ತು ಮಂಗೋಲಿಯದ ಸರೋವರಗಳಲ್ಲಿ ಹುಟ್ಟಿದವು. ಹಿಮಾಲಯವನ್ನು ದಾಟುವಾಗ ಅವು 7,000 ಮೀಟರಿಗೂ ಮೇಲೆ ಹಾರಿದ್ದನ್ನು ಉಪಕರಣ ಕಟ್ಟಿ ಅಳೆದಿದ್ದಾರೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಕಾವಿಯ ಬಣ್ಣದ ಜೋಡಿಬಾತು ಬೇರೆ ಯಾವುದೂ ಅಲ್ಲ, ಹಳಗನ್ನಡ ಕಾವ್ಯಗಳ ಜಕ್ಕವಕ್ಕಿ. ಇರುಳಿನಲ್ಲಿ ಅಗಲಿ ಹಗಲಿನಲ್ಲಿ ಕೂಡುವ ವಿರಹಿಗಳೆಂದು ಅದನ್ನು ಪದ್ಯಗಳಲ್ಲಿ ಓದಿದವರು ಅಸಂಖ್ಯ. ಕಣ್ಣಾರೆ ಕಂಡವರು ವಿರಳ. ಬೂದು ಮೈ, ಕಪ್ಪು ಕೊರಳು, ಕಣ್ಣಿನ ಹಿಂದೆ ಬಿಳಿಗರಿಯ ಕುಚ್ಚುಳ್ಳ ಕರ್ಕರ ಕೊಕ್ಕರೆಗಳು ಮಧ್ಯ ಏಷ್ಯದ ಹುಲ್ಲುಬಯಲಿನವು. ಕವಿಗಳ ಕ್ರೌಂಚಪಕ್ಷಿಗೆ ಇವು ಹತ್ತಿರದ ಬಂಧುಗಳು. ಚಳಿ ಮುಗಿದು ಬಿಸಿಲೇರುವ ವೇಳೆಗೆ ರಾಜಹಂಸಗಳು ಸೇರಿಕೊಳ್ಳುತ್ತವೆ. ಬಾಗಿದ ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ, ಸಣ್ಣ ಜೀವಿಗಳನ್ನೂ ಪಾಚಿಯನ್ನೂ ಸೋಸಿ ಉಣ್ಣುವ ಅವುಗಳ ನಸುಗೆಂಪು ಬಣ್ಣ ಆ ಆಹಾರದಿಂದಲೇ ಬಂದುದು.

ನೋಡುವುದಕ್ಕೂ ಒಂದು ಶಿಸ್ತು ಉಂಟು. ಬಿಸಿಲು ಬೆನ್ನಿಗಿರಬೇಕು, ಉಡುಗೆ ಮಣ್ಣಿನ ಬಣ್ಣದ್ದಾಗಿರಬೇಕು, ಮಾತು ಕಡಿಮೆ, ಕುಳಿತಲ್ಲಿಂದ ಏಳುವುದು ಇನ್ನೂ ಕಡಿಮೆ. ಮೇಯುತ್ತಿದ್ದ ಹಿಂಡು ಒಮ್ಮೆಲೆ ತಲೆಯೆತ್ತಿ ನಿಂತಿತೆಂದರೆ ನೋಡುವವನು ಅತಿ ಸಮೀಪಕ್ಕೆ ಬಂದನೆಂದೇ ತಿಳಿಯಬೇಕು. ದೂರದ ಹಾದಿಗೆ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಯನ್ನು ಒಂದು ಛಾಯಾಚಿತ್ರಕ್ಕಾಗಿ ಎಬ್ಬಿಸುವುದು ಉಣ್ಣುತ್ತಿರುವವನನ್ನು ಪಂಕ್ತಿಯಿಂದ ಎಬ್ಬಿಸಿದಷ್ಟೇ ಅನುಚಿತ.

ಆದರೆ ಈ ಪಂಕ್ತಿಯ ಖರ್ಚನ್ನು ಹೊರುವವರು ಯಾರು? ಹೆಬ್ಬಾತು ಇಳಿಯುವ ಆ ಕೆಸರಿನ ದಂಡೆ ಒಂದು ಕಾಲಕ್ಕೆ ಯಾರದೋ ಹೊಲ, ಯಾರದೋ ಹಿತ್ತಿಲು. ಹಳೆಯ ಬಾಗಲಕೋಟೆಯ ಭಾಗವೂ ಅನೇಕ ಹಳ್ಳಿಗಳೂ ಮುಳುಗಿದ ಮೇಲೆ ಈ ಕಡಲು ಉಂಟಾಯಿತು. ಹಿಂಡುಗಳು ಮೇಯಲು ಹೋಗುವುದು ಉಳಿದವರ ಹೊಲಗಳಿಗೆ. ಹಕ್ಕಿಗಳ ಆಗಮನವನ್ನು ನಾಡಿನ ಭಾಗ್ಯವೆಂದು ಕೊಂಡಾಡುವವರು ಪಟ್ಟಣದವರು. ಅವು ತಿಂದ ಕಾಳಿನ ಹಾನಿಯನ್ನು ಅನುಭವಿಸುವವನು ದಂಡೆಯ ರೈತ. ಅವನ ಕವಣೆಯನ್ನು ಕ್ರೌರ್ಯವೆಂದು ನಿಂದಿಸುವ ಮೊದಲು ಅವನ ಚೀಲದಲ್ಲಿ ಎಷ್ಟು ಕಾಳು ಕಡಿಮೆಯಾಯಿತೆಂದು ಕೇಳುವುದು ನ್ಯಾಯ.

ಈ ಪ್ರಶ್ನೆಗೆ ಬೇರೆ ಬೇರೆ ಊರುಗಳು ತಮ್ಮದೇ ಉತ್ತರವನ್ನು ಕೊಟ್ಟಿವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಹಗಲು ತಂಗುವ ಹೆಬ್ಬಾತುಗಳು ಸಂಜೆಗೆ ಸುತ್ತಲಿನ ಹೊಲಗಳಿಗೆ ಹೋಗುತ್ತವೆ; ಊರವರು ಅವಕ್ಕೆ ಕೇಡು ಬಗೆಯುವುದಿಲ್ಲ. 2024ರಲ್ಲಿ ಆ ಕೆರೆ, ಅಂಕಸಮುದ್ರ ಮತ್ತು ಕರಾವಳಿಯ ಅಘನಾಶಿನಿ ಅಳಿವೆಗಳೊಂದಿಗೆ, ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣವೆನಿಸಿತು. ರಾಜಸ್ಥಾನದ ಖೀಚನ್ ಗ್ರಾಮದಲ್ಲಿ ಕರ್ಕರ ಕೊಕ್ಕರೆಗಳಿಗಾಗಿಯೇ ಬೇಲಿ ಕಟ್ಟಿದ ಅಂಗಳದಲ್ಲಿ ದಾನಿಗಳ ನೆರವಿನಿಂದ ದಿನವೂ ಕಾಳು ಚೆಲ್ಲುತ್ತಾರೆ. 2025ರಲ್ಲಿ ಅದಕ್ಕೂ ರಾಮ್ಸಾರ್ ಮನ್ನಣೆ ದೊರೆಯಿತು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಗೂಡುಕಟ್ಟುವ ಹುಣಸೆಮರಗಳ ಒಡೆಯರಿಗೆ ಫಲದ ನಷ್ಟಕ್ಕಾಗಿ ಅರಣ್ಯ ಇಲಾಖೆ ಹಣ ಕೊಡುವ ಪದ್ಧತಿ ಬಂದಿತು. ಒಂದೆಡೆ ಊರಿನ ಸೈರಣೆ, ಒಂದೆಡೆ ದಾನಿಯ ಧಾನ್ಯ, ಒಂದೆಡೆ ಸರಕಾರದ ಹಣ. ಆತಿಥ್ಯದ ಬೆಲೆಯನ್ನು ಯಾರಾದರೂ ಬಹಿರಂಗವಾಗಿ ಹೊತ್ತಲ್ಲಿ ಹಕ್ಕಿಗಳು ಉಳಿದಿವೆ.

ದೂರದಿಂದ ಬಂದವರಿಗೆ ಇಂಬು ಕೊಡುವುದಕ್ಕೆ ಬೆಲೆಯುಂಟೆಂದು, ಆ ಬೆಲೆಯನ್ನು ಹಂಚಿಕೊಂಡು ಬರೆದಿಡಬೇಕೆಂದು ಸಾಲೋಟಗಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣನು ಅಂದಿನ ಪಾವಿಟ್ಟಗೆಯಾದ ಈ ಊರಿನಲ್ಲಿ ತ್ರಯೀಪುರುಷರ ಶಾಲೆಯನ್ನು ಕಟ್ಟಿಸಿದನೆಂದು ಇಲ್ಲಿಯ ಸ್ತಂಭಶಾಸನ ಸಾರುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಅವರಿಗಾಗಿ 27 ಮನೆಗಳು, ದೀಪದೆಣ್ಣೆಗೆ 12 ನಿವರ್ತನ ಭೂಮಿ, ಅಧ್ಯಾಪಕನಿಗೆ 50 ನಿವರ್ತನ ಭೂಮಿ, ಮದುವೆ ಉಪನಯನಗಳಲ್ಲಿ ಊರವರು ಸಲ್ಲಿಸಬೇಕಾದ ಕಾಣಿಕೆ, ಇವೆಲ್ಲ ಕಲ್ಲಿನಲ್ಲಿ ಕೊರೆಯಲ್ಪಟ್ಟವು. ದಾನವೆಂದರೆ ಉದಾರವಾದ ಮಾತಲ್ಲ, ಇಂತಿಷ್ಟು ನೆಲ, ಇಂತಿಷ್ಟು ಎಣ್ಣೆ ಎಂಬ ಸ್ಪಷ್ಟವಾದ ಲೆಕ್ಕ ಎಂಬುದನ್ನು ಅಂದಿನವರು ಅರಿತಿದ್ದರು.

ಬರೆದಿಡದುದು ಹೇಗೆ ಕಣ್ಮರೆಯಾಗುತ್ತದೆಂಬುದಕ್ಕೆ ಎರೆಭೂತ ಸಾಕ್ಷಿ. ಎರೆಯ ಬಯಲುಗಳಲ್ಲಿ ನಡೆದಾಡುತ್ತಿದ್ದ ಆ ಹಿರಿಯ ಹಕ್ಕಿಗಾಗಿ ನೆರೆಯ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ 1979ರಲ್ಲಿಯೇ ಅಭಯಾರಣ್ಯವಾಯಿತು. ಆದರೂ ಇಂದು ಅಲ್ಲಿ ಅದರ ದರ್ಶನ ದುರ್ಲಭ. ದೇಶದ ಕಾಡುಬಯಲುಗಳಲ್ಲೆಲ್ಲ ಕೂಡಿ ಇನ್ನೂರೂ ಉಳಿದಿಲ್ಲ. ಹುಲ್ಲುಗಾವಲು ಕರಗಿದುದು, ಬೇಟೆ, ವಿದ್ಯುತ್ ತಂತಿಗಳು ಅದಕ್ಕೆ ಮುಳುವಾದವು. ಈ ಜಿಲ್ಲೆಯ ಒಂದೊಂದು ಊರಿನಲ್ಲಿ ಅದು ಕೊನೆಯ ಸಲ ಯಾವ ವರ್ಷ ಕಂಡಿತೆಂದು ಕೇಳಿದರೆ ತೋರಿಸಲು ಯಾವ ಶಾಲೆಯ ಕಪಾಟಿನಲ್ಲಿ ಒಂದು ಪುಟವಿದ್ದೀತು? ಈಗ ಕಾಲುವೆಯ ನೀರು ಬಂದಲ್ಲಿ ಜೋಳ ಹಿಂದೆಗೆದು ಕಬ್ಬು ಮುಂದೆ ಬರುತ್ತಿದೆ. ಕೆರೆ ತುಂಬುವ ಯೋಜನೆಗಳಿಂದ ಬತ್ತಿದ ಕೆರೆಗಳಲ್ಲಿ ನೀರು ನಿಂತಿದೆ. ಇವೆರಡೂ ರೈತನಿಗೆ ಬೇಕಾದ ಬದಲಾವಣೆಗಳೇ. ಆದರೆ ಜೋಳದ ಹಕ್ಕಿಗಳು ಎಷ್ಟು ಕಡಿಮೆಯಾದವು, ನೀರಿನ ಹಕ್ಕಿಗಳು ಎಷ್ಟು ಹೆಚ್ಚಿದವು ಎಂಬುದನ್ನು ಎಣಿಸಿದವನೇ ಹೇಳಬಲ್ಲ.

ಏಷ್ಯದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿದೆ. ಅದಕ್ಕೆ ಪದವಿ ಬೇಕಿಲ್ಲ; ಕಣ್ಣು, ತಾಳ್ಮೆ, ಪ್ರಾಮಾಣಿಕವಾದ ಲೆಕ್ಕಣಿಕೆ ಸಾಕು. ಊರಿನ ಪ್ರತಿಯೊಂದು ಶಾಲೆಯೂ ಒಂದು ದಪ್ಪನೆಯ ವಹಿಯನ್ನಿಟ್ಟು, ಸೀಗಿಹುಣ್ಣಿಮೆಯಿಂದ ಹೋಳಿಯವರೆಗೆ ವಾರಕ್ಕೊಮ್ಮೆ ಸಮೀಪದ ಕೆರೆಯನ್ನೂ ಹೊಲವನ್ನೂ ನೋಡಿಬಂದು, ದಿನಾಂಕ, ಸ್ಥಳ, ಹಕ್ಕಿ, ಸಂಖ್ಯೆಗಳನ್ನು ಬರೆಯುವ ಪದ್ಧತಿಯನ್ನು ತೊಡಗಿಸಬಹುದು. ಅದರಲ್ಲಿ ಇನ್ನೊಂದು ಅಂಕಣವೂ ಇರಲಿ: ಯಾವ ಹೊಲದಲ್ಲಿ ಎಷ್ಟು ಹಾನಿಯಾಯಿತು ಎಂಬುದು. ಹೊಲ ಕಾಯುವ ಹುಡುಗ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತಿದ್ದರೆ ಅವನನ್ನು ಮುಂದೆ ಕರೆದು ಮೊದಲ ಸಾಲನ್ನು ಅವನಿಂದಲೇ ಬರೆಯಿಸುವುದು ಯೋಗ್ಯ. ದಾನಿಗಳಾದವರು ಆ ವಹಿಗೂ ಎರಡು ದುರ್ಬೀನುಗಳಿಗೂ ನೆರವಾದರೆ, ಹಾನಿಯ ಅಂಕಣವನ್ನು ನೋಡಿ ನಾಲ್ಕು ಚೀಲ ಕಾಳನ್ನು ರೈತನಿಗೆ ಮರಳಿಸಿದರೆ, ಅದು ಸಾವಿರ ವರ್ಷದ ಹಿಂದಿನ ಆ ದೀಪದೆಣ್ಣೆಯ ದತ್ತಿಗೆ ಕಿರಿದಾದುದೇನಲ್ಲ. ಹತ್ತು ಚಳಿಗಾಲಗಳ ನಂತರ ಆ ವಹಿಯನ್ನು ತೆರೆಯುವವರಿಗೆ ತಮ್ಮ ಊರು ಯಾರನ್ನು ಉಳಿಸಿಕೊಂಡಿತು, ಯಾರನ್ನು ಕಳೆದುಕೊಂಡಿತು ಎಂಬುದು ಕಾಣುವಂತಾಗಲಿ.