ಆಗ ಎಲ್ಲಿತ್ತು ಅಜ್ಜ?

ನಾನು ನಿವೃತ್ತ ಭೂಗೋಳದ ಮೇಷ್ಟ್ರು. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳಿಗೆ ಒಂದು ಮಧ್ಯಾಹ್ನ ಚೀನಾದ ಊರುಗಳ ಹೆಸರಿನ ಗುಟ್ಟು ಹೇಳಿಕೊಡುತ್ತಿದ್ದೆ.

“ನೋಡು ಪುಟ್ಟೀ, ಅಲ್ಲಿಯ ಊರ ಹೆಸರಲ್ಲಿ ‘ಯಾಂಗ್’ ಎಂದರೆ ಬಿಸಿಲ ಕಡೆ, ‘ಯಿನ್’ ಎಂದರೆ ನೆರಳ ಕಡೆ. ಚೀನಾದ ಬಹುಭಾಗ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿದೆ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಅದಕ್ಕೇ ಬೆಟ್ಟದ ದಕ್ಷಿಣ ಮಗ್ಗುಲು ಯಾಂಗ್. ನದಿಗಾದರೆ ಉತ್ತರ ದಡ ಯಾಂಗ್, ಏಕೆಂದರೆ ಆ ದಡದ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿರುತ್ತದೆ. ಲುವೋ ನದಿಯ ಉತ್ತರಕ್ಕಿದ್ದ ಊರು ಲುವೋಯಾಂಗ್.”

ಅವಳು ಅಮ್ಮನ ಮೊಬೈಲಿನಲ್ಲಿ ನಕ್ಷೆ ತೆರೆದು ಹುಡುಕಿದಳು. “ಹಾಗಾದರೆ ಹಾನ್‌ಯಿನ್ ಅನ್ನೋದು ಹಾನ್ ನದಿಯ ದಕ್ಷಿಣಕ್ಕಿರಬೇಕಲ್ವಾ ಅಜ್ಜ? ಇದು ಉತ್ತರಕ್ಕಿದೆ!”

“ನಕ್ಷೆ ತಪ್ಪಿರಬೇಕು ಬಿಡು” ಎಂದೆ, ಸ್ವಲ್ಪ ಗಡುಸಾಗಿಯೇ. ಅವಳು ಮೊಬೈಲ್ ಮುಚ್ಚಿಟ್ಟು ಆಡಲು ಹೋದಳು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ “ಪ್ರಶ್ನೆ ಕೇಳಿ” ಎಂದು ಮಕ್ಕಳಿಗೆ ಹೇಳಿದವನು, ಮನೆಯ ಮಗು ಕೇಳಿದಾಗ ಬಾಯಿ ಮುಚ್ಚಿಸಿದ್ದೆ. ಮರುದಿನ ಕೂತು ಓದಿದೆ.

ಹಾನ್‌ಯಿನ್ ಶಾನ್‌ಶಿ ಪ್ರಾಂತ್ಯದ ದಕ್ಷಿಣದಲ್ಲಿರುವ ಒಂದು ಕೌಂಟಿ. ನಮ್ಮ ತಾಲ್ಲೂಕಿನ ಹಾಗೆ. ಉತ್ತರಕ್ಕೆ ಚಿನ್‌ಲಿಂಗ್ ಪರ್ವತ, ದಕ್ಷಿಣಕ್ಕೆ ಬಾಷಾನ್, ನಡುವೆ ಫೀನಿಕ್ಸ್ ಬೆಟ್ಟ. ಈ ಮೂರರ ಸಂದಿನಲ್ಲಿ ಎರಡು ನದಿಗಳು: ಹಾನ್ ಮತ್ತು ಯುಯೆ. ಮೊದಲು ಈ ಕೌಂಟಿಯ ಹೆಸರು ಆನ್‌ಕಾಂಗ್. ಆನ್ ಲುಶಾನ್ ಎಂಬ ಸೇನಾಪತಿ 755ರಲ್ಲಿ ತಾಂಗ್ ದೊರೆಗಳ ಮೇಲೆ ದಂಗೆ ಎದ್ದ. ಆ ಸಿಟ್ಟಿಗೆ ‘ಆನ್’ ಇದ್ದ ಎಷ್ಟೋ ಊರುಗಳು ಹೆಸರು ಕಳೆದುಕೊಂಡವು. 757ರಲ್ಲಿ ಆನ್‌ಕಾಂಗ್ ಹಾನ್‌ಯಿನ್ ಆಯಿತು. ಆಗ ಅದರ ಮುಖ್ಯ ಊರು ಹಾನ್ ನದಿಯ ದಕ್ಷಿಣ ದಡದಲ್ಲಿತ್ತು. 12ನೇ ಶತಮಾನದಲ್ಲಿ ಆ ಊರನ್ನು ಉತ್ತರಕ್ಕೆ, ಯುಯೆ ನದಿಯ ಕಣಿವೆಗೆ ಸಾಗಿಸಿದರು. ಜನ ತಮ್ಮ ಜೊತೆಗೆ ಹೆಸರನ್ನೂ ಒಯ್ದರು.

ಅದೇ ನದಿಯ ಕೆಳಹರಿವಿನಲ್ಲಿ, ಇಂದಿನ ವುಹಾನ್ ನಗರದಲ್ಲಿ ಹಾನ್‌ಯಾಂಗ್ ಇದೆ. ಹೆಸರಿಗೆ ಉತ್ತರ ದಡದ ಊರು, ಈಗಿರುವುದು ದಕ್ಷಿಣಕ್ಕೆ. ಅಲ್ಲಿ ಊರು ಕದಲಲಿಲ್ಲ, 15ನೇ ಶತಮಾನದಲ್ಲಿ ನದಿಯೇ ಪಾತ್ರ ಬದಲಿಸಿತು!

ಸಂಜೆ ಪುಟ್ಟಿಯನ್ನು ಕರೆದು ಎಲ್ಲ ಹೇಳಿದೆ. “ನಕ್ಷೆ ಸರಿ, ನೀನೂ ಸರಿ ಕಣೇ. ನೋಡದೆ ಮಾತಾಡಿದ್ದು ನಾನು.”

“ಹಾಗಾದ್ರೆ ನಿನ್ನ ನಿಯಮ ತಪ್ಪಾ ಅಜ್ಜ?”

“ಇಲ್ಲ. ಹೆಸರಿಟ್ಟ ದಿನಕ್ಕೆ ಅದೂ ಸರಿಯೇ.”

ಅವಳು ಸ್ವಲ್ಪ ಹೊತ್ತು ಯೋಚಿಸಿ ನಕ್ಕಳು. ಈಗ ಯಾವ ಊರಿನ ಹೆಸರು ಎತ್ತಿದರೂ ಅವಳ ಮೊದಲ ಪ್ರಶ್ನೆ ಒಂದೇ: “ಆಗ ಎಲ್ಲಿತ್ತು ಅಜ್ಜ?”

ಗೊತ್ತಿಲ್ಲದಿದ್ದರೆ “ಬಾ, ನೋಡೋಣ” ಎನ್ನುವುದನ್ನು ನಾನೂ ಕಲಿತಿದ್ದೇನೆ.