ಅಪ್ಪ ಕೇಳಿದ ಬಾಳಿಕೆಯ ಪ್ರಶ್ನೆ

1995ರ ಜೂನ್ ತಿಂಗಳು. ಹೊಸಪೇಟೆಯಲ್ಲಿ ಒಂದು ಮಹಡಿಯ ಮೇಲೆ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ನಮ್ಮಪ್ಪ, ಭವಿಷ್ಯ ನಿಧಿಯಿಂದ ಸಾಲವಾಗಿ ಪಡೆದ 6,000 ರೂಪಾಯಿಯನ್ನು ಎರಡು ಸಲ ಎಣಿಸಿ ಮೇಜಿನ ಮೇಲಿಟ್ಟರು. ಆಮೇಲೆ ಕೊಡೆ ಕೊಳ್ಳುವವರ ಧಾಟಿಯಲ್ಲಿ, ‘ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ?’ ಎಂದು ಕೇಳಿದರು. ಎದುರಿಗೆ ಕೂತಿದ್ದವರು ನಕ್ಕರು. ‘ಫಾಕ್ಸ್‌ಪ್ರೊ ಕಲಿತವನಿಗೆ ಜೀವನಪೂರ್ತಿ ಅನ್ನ ಇದೆ ಸಾರ್’ ಎಂದರು. ನನಗೋ ನಾಚಿಕೆ. ವಿದ್ಯೆಯೇನು ಕೊಡೆಯೇ?

ಆಗ ಫಾಕ್ಸ್‌ಪ್ರೊ ಕಾಲ. ಅಂಗಡಿಯ ಲೆಕ್ಕ, ಸಂಬಳದ ಪಟ್ಟಿ, ಗೋದಾಮಿನ ದಾಸ್ತಾನು ಎಲ್ಲಕ್ಕೂ ಅದೇ. ಅದಕ್ಕೂ ಮೊದಲು ಡಿಬೇಸ್ ಎಂಬುದು ಮೆರೆದಿತ್ತು. ಅಮೆರಿಕದ ಫಾಕ್ಸ್ ಸಾಫ್ಟ್‌ವೇರ್ ಎಂಬ ಕಂಪನಿ ಡಿಬೇಸ್‌ನ ಆಜ್ಞೆಗಳ ಧಾಟಿಯನ್ನೇ ಉಳಿಸಿಕೊಂಡು, ಹುಡುಕುವ ವೇಗದಲ್ಲಿ ಅದನ್ನು ಹಿಂದೆ ಹಾಕಿತು. 1992ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಶ್ರೀಮಂತರ ಮನೆ ಸೇರಿದ ಮೇಲೆ ಇನ್ನೇನು ಭಯ ಎಂದುಕೊಂಡೆವು.

ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟು ನಾನೂ ನಾಲ್ಕು ಕಾಸು ಕಂಡೆ. ನಡುವೆ ಕರೆಂಟು ಹೋದರೆ ಇಂಡೆಕ್ಸ್ ಕೆಡುತ್ತಿತ್ತು. ಭತ್ತ ತಂದ ರೈತನ ಹೆಸರು ಕಡತದಲ್ಲಿದ್ದರೂ ಹುಡುಕಿದರೆ ಸಿಗದು! ರಾತ್ರಿ ಬಸ್ಸು ಹಿಡಿದು ಹೋಗಿ, ಇಂಡೆಕ್ಸನ್ನು ಹೊಸದಾಗಿ ಕಟ್ಟಿ, ಅವಲಕ್ಕಿ ತಿಂದು ಬರುತ್ತಿದ್ದೆ.

2000 ದಾಟಿದ ಮೇಲೆ ಕರೆಗಳು ಕಡಿಮೆಯಾದವು. ಭಾಷೆ ಕೆಟ್ಟಿರಲಿಲ್ಲ, ಕೆಲಸ ನಡೆಯುವ ಜಾಗ ಬದಲಾಗಿತ್ತು. ಒಂದು ಕೋಣೆಯ ಒಂದೆರಡು ಕಂಪ್ಯೂಟರುಗಳಿಗೆ ಹೇಳಿ ಮಾಡಿಸಿದ್ದು ಫಾಕ್ಸ್‌ಪ್ರೊ. ಅದರ ಒಂದು ಕಡತ 2 ಗಿಗಾಬೈಟ್ ಮೀರುವಂತಿಲ್ಲ. ಲೆಕ್ಕವೆಲ್ಲ ದೂರದ ಸರ್ವರ್‌ನಲ್ಲಿದ್ದು ಬ್ರೌಸರ್‌ನಲ್ಲಿ ತೆರೆಯಬೇಕು ಎನ್ನುವ ಕಾಲ ಬಂದಾಗ ಅದು ಅಲ್ಲಿಗೆ ಹೊಂದಲಿಲ್ಲ. ಜತೆಗೆ ಅದಕ್ಕೆ ಒಡೆಯ ಒಬ್ಬನೇ. ಆ ಒಡೆಯನ ಮನೆಯಲ್ಲಿ ಆಗಲೇ ಎಸ್‌ಕ್ಯೂಎಲ್ ಸರ್ವರ್, ಆಕ್ಸೆಸ್, 2002ರಲ್ಲಿ ಬಂದ ಡಾಟ್‌ನೆಟ್ ಎಂಬ ಬೇರೆ ಮಕ್ಕಳೂ ಇದ್ದವು. 2004ರ ಒಂಬತ್ತನೆಯ ಆವೃತ್ತಿಯೇ ಕೊನೆ ಎಂದು 2007ರಲ್ಲಿ ಪ್ರಕಟಣೆ ಬಂತು. 2015ರ ಜನವರಿಗೆ ಬೆಂಬಲವೂ ಮುಗಿಯಿತು.

ಪ್ರಕಟಣೆಗೆ ಮೊದಲೇ ಮಾರುಕಟ್ಟೆ ತೀರ್ಪು ಕೊಟ್ಟಾಗಿತ್ತು ಅನ್ನಿ. ಪತ್ರಿಕೆಯ ‘ಬೇಕಾಗಿದ್ದಾರೆ’ ಕಾಲಂನಲ್ಲಿ ಯಾವ ಹೆಸರು ಬರುತ್ತದೋ ಅದನ್ನು ತರಬೇತಿ ಕೇಂದ್ರಗಳು ಕಲಿಸುತ್ತವೆ. ಕೇಂದ್ರಗಳು ಕಲಿಸಿದ್ದನ್ನು ಹುಡುಗರು ಕಲಿಯುತ್ತಾರೆ. ಹುಡುಗರು ಸಿಗುತ್ತಾರೆಂದು ಕಂಪನಿಗಳು ಅದನ್ನೇ ಆರಿಸುತ್ತವೆ. ಏರುವಾಗ ತಿರುಗುವ ಈ ಗಾಣ ಇಳಿಯುವಾಗ ಹಿಂದಕ್ಕೂ ತಿರುಗುತ್ತದೆ.

ಹಾಗಂತ ನೆಲ ಕಳೆದುಕೊಂಡದ್ದೆಲ್ಲ ಸತ್ತಂತಲ್ಲ. 1960ರಲ್ಲಿ ಹೊರಬಂದ ಕೋಬಾಲ್ ಅನ್ನು ಹೊಸದಾಗಿ ಕಲಿಯುವವರು ವಿರಳ. ಆದರೂ 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದ ನಿರುದ್ಯೋಗ ಭತ್ಯೆಯ ಅರ್ಜಿಗಳ ಭಾರಕ್ಕೆ ಹಳೆಯ ವ್ಯವಸ್ಥೆ ಕುಸಿಯುವಂತಾದಾಗ, ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಬಲ್ಲವರು ನೆರವಿಗೆ ಬನ್ನಿ ಎಂದು ಕೇಳಬೇಕಾಯಿತು. ಅದು ಒಬ್ಬ ಒಡೆಯನ ಸೊತ್ತಾಗಿರಲಿಲ್ಲ. ಬ್ಯಾಂಕುಗಳ, ಸರ್ಕಾರಗಳ ಲಕ್ಷಾಂತರ ಸಾಲುಗಳನ್ನು ತಿರುಗಿ ಬರೆಯುವ ಧೈರ್ಯವೂ ಸುಲಭಕ್ಕೆ ಯಾರಿಗೂ ಬರುವುದಿಲ್ಲ. ಅಕ್ಕಿ ಗಿರಣಿಯ ಲೆಕ್ಕಕ್ಕೆ ಅಂಥ ಭಾರ ಎಲ್ಲಿಯದು?

ನನ್ನ ತಪ್ಪೂ ಇತ್ತು, ಮುಚ್ಚಿಡುವುದೇಕೆ? ಬಂದ ವಿದ್ಯೆಯ ಮೇಲೆ ಹತ್ತು ವರ್ಷ ಕಾಲು ಚಾಚಿ ಕೂತೆ. ನಾನು ಫೀಸು ಕಟ್ಟಿದ 1995ರಲ್ಲೇ ಜಾವಾ ಬಂದಿತ್ತು. ಪೈಥಾನ್‌ಗೆ ಆಗಲೇ ನಾಲ್ಕು ವರ್ಷ. ನಮ್ಮ ಮಹಡಿಯ ಮೇಲೆ ಆ ಎರಡು ಹೆಸರನ್ನು ಕೇಳಿದವರು ಯಾರೂ ಇರಲಿಲ್ಲ. ಅಪ್ಪನ ಸಾಲ ತೀರಿದ್ದು ನಿಜ. ಆದರೆ ಮೂವತ್ತೈದರ ವಯಸ್ಸಿನಲ್ಲಿ ಮತ್ತೆ ಹುಡುಗರ ಪಕ್ಕ ಬೆಂಚಿನ ಮೇಲೆ ಕೂತು ಕಲಿಯಬೇಕಾಯಿತು.

ಈ ವರ್ಷ ಮಗಳು ಎರಡನೆಯ ಪಿಯುಸಿ ಮುಗಿಸಿದ್ದಾಳೆ. ‘ಪೈಥಾನೋ ಜಾವಾವೋ, ಯಾವುದು ಕೊನೆತನಕ ಇರುತ್ತೆ ಅಪ್ಪ?’ ಎಂದು ಕೇಳಿದಳು. ಮೇಜಿನಾಚೆ ಕೂತವರಂತೆ ನಗಲು ನನ್ನಿಂದಾಗಲಿಲ್ಲ.

ಅದೇ ವಾರ ಗಂಗಾವತಿಯಿಂದ ಫೋನು ಬಂತು. ಗಿರಣಿಯ ಹಳೆಯ ಕಂಪ್ಯೂಟರ್ ಕೆಟ್ಟಿತ್ತು, ಹೊಸದರಲ್ಲಿ ನನ್ನ ಪ್ರೋಗ್ರಾಂ ಏಳುತ್ತಿರಲಿಲ್ಲ. ಮಗಳನ್ನೂ ಕರೆದುಕೊಂಡು ಹೋದೆ. ಡಾಸ್‌ಬಾಕ್ಸ್ ಹಾಕಿ ಅದನ್ನು ಎಬ್ಬಿಸಿದೆ; ಹಳೆಯ ಮುದ್ರಕ ಕಿರ್ರೆಂದಿತು. ಅವಳು ಕಡತಗಳನ್ನು ತನ್ನ ಲ್ಯಾಪ್‌ಟಾಪ್‌ಗೆ ನಕಲು ಮಾಡಿಕೊಂಡು ಪೈಥಾನ್‌ನಲ್ಲಿ ತೆರೆದಳು. ಇಪ್ಪತ್ತೈದು ವರ್ಷದ ಹಿಂದಿನ ರೈತರ ಹೆಸರು, ಭತ್ತದ ತೂಕ ಸಾಲಾಗಿ ಬಂದವು. ‘ಈ ಕಾಲಂ ಹೆಸರುಗಳನ್ನ ಇಷ್ಟು ಮೊಟಕಾಗಿ ಯಾಕೆ ಬರೆದಿದ್ದೀಯ?’ ಎಂದು ಬೈದಳು. ಹತ್ತು ಅಕ್ಷರಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ ಕಣೇ ಎಂದೆ.