ಮಿಕ್ಸಿಯ ಕೆಂಪು ಗುಂಡಿ

ನಮ್ಮ ಮನೆ ಹೊತ್ತಲ್ಲದ ಹೊತ್ತಿನಲ್ಲಿ ನಿಶ್ಶಬ್ದವಾದರೆ ಕರೆಂಟು ಹೋಗಿದೆ ಎಂದೇ ಅರ್ಥ. ಆದರೆ ಹೋದ ವರ್ಷ ಗೌರಿಹಬ್ಬಕ್ಕೆ ನಾಲ್ಕು ದಿನವಿರುವಾಗ ಫ್ಯಾನು ತಿರುಗುತ್ತಲೇ ಇತ್ತು, ಮಗನ ಕೋಣೆಯ ಸದ್ದು ಮಾತ್ರ ನಿಂತುಹೋಯಿತು.

ಅವನು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ನಾಲ್ಕೇ ತಂತಿ, ಒಂದೊಂದೂ ದಪ್ಪ. ಹಾಡುವವರನ್ನು ಊರೆಲ್ಲ ಬಲ್ಲದು. ಇವನು ನುಡಿಸಿದ್ದು ಹೆತ್ತ ನನಗೇ ಎಂದೂ ಬೇರೆಯಾಗಿ ಕೇಳಿಸಿದ್ದಿಲ್ಲ. ಬ್ಯಾಂಕ್ ಪರೀಕ್ಷೆಯ ವಿಷಯ ಎತ್ತಿದಾಗಲೆಲ್ಲ ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದೆ. ಗಣಪತಿ ಪೆಂಡಾಲಿನ ಕಾರ್ಯಕ್ರಮಕ್ಕೆಂದು ಹೊಸ ಪೆಡಲ್ ತಂದಿದ್ದ. ಕಾಲಲ್ಲಿ ಒತ್ತಿದರೆ ನುಡಿಸಿದ ಸ್ವರದ ಜೊತೆಗೆ ಅದರ ಕೆಳಗಿನ ಸ್ಥಾಯಿಯೂ ಸೇರುತ್ತದಂತೆ, ನಮ್ಮ ಸಂಗೀತದ ಅನುಮಂದ್ರ ಎಂದುಕೊಳ್ಳಿ. ಒತ್ತಿದ ಅರ್ಧ ನಿಮಿಷಕ್ಕೆ ಆಂಪ್ಲಿಫೈಯರಿನಲ್ಲಿ ಕೆಂಪು ದೀಪ ಹತ್ತಿ ಎಲ್ಲ ಸ್ತಬ್ಧ. ಆರಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿ.

ರಿಪೇರಿಯವರು ಬಂದು, "ಬೋರ್ಡೇ ಹೋಗಿದೆ ಮೇಡಂ, 6,000 ಆಗುತ್ತೆ" ಎಂದರು. ನಿಜ ಹೇಳಲೇ? ನನಗೆ ಒಳಗೊಳಗೇ ಸಮಾಧಾನವಾಯಿತು. ದುಡ್ಡಿಲ್ಲ ಎಂದರಾಯಿತು, ಪೆಟ್ಟಿಗೆ ಮೂಲೆ ಸೇರುತ್ತದೆ, ಮಗ ಪುಸ್ತಕ ಹಿಡಿಯುತ್ತಾನೆ.

ಮರುದಿನ ಬೆಳಿಗ್ಗೆ ಉದ್ದು ರುಬ್ಬುವಾಗ ಹಿಟ್ಟು ಗಟ್ಟಿಯಾಗಿ ಮಿಕ್ಸಿ ನಿಂತಿತು. ನೀವೂ ಮಾಡುವಂತೆ ಸ್ವಲ್ಪ ಆರಲು ಬಿಟ್ಟು, ಬುಡ ಮೇಲೆತ್ತಿ ಕೆಂಪು ಗುಂಡಿ ಒತ್ತಿದೆ. ತಿರುಗಿತು. ಒತ್ತಿದ ಬೆರಳು ಅಲ್ಲೇ ಉಳಿಯಿತು. ಬೋರ್ಡು ಹೋಗಿದ್ದರೆ ಅವನ ಆಂಪ್ಲಿಫೈಯರ್ ಹತ್ತು ನಿಮಿಷದ ಮೇಲೆ ಮತ್ತೆ ಹೇಗೆ ಹಾಡೀತು?

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಇಪ್ಪತ್ತೆಂಟು ವರ್ಷ ತಪ್ಪಿಗೆ ಕೆಂಪು ಗೆರೆ ಎಳೆದ ಕೈ ಸುಮ್ಮನಿರಬೇಕಲ್ಲ!

"ಪೆಡಲ್ ತೆಗೆದರೆ?"

"ಎರಡು ಗಂಟೆ ಬಾರಿಸಿದರೂ ಏನೂ ಆಗಲ್ಲಮ್ಮ."

"ಸರಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸು."

ಪೆಡಲಿನ ಅಡಾಪ್ಟರ್ ಕಿತ್ತು ಬ್ಯಾಟರಿ ಹಾಕಿದ, ನಿಂತಿತು. ವೈರು ಬದಲಾಯಿಸಿದ; ನಿಂತಿತು. ಪೆಡಲ್ ಇಟ್ಟುಕೊಂಡೇ ಸದ್ದು ತಗ್ಗಿಸಿದ. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ಹಾಗಾದರೆ ಕೆಟ್ಟದ್ದು ಯಾವುದೂ ಅಲ್ಲ, ಯಾವುದಕ್ಕೋ ಹೊರೆ ಹೆಚ್ಚಾಗಿದೆ. ಪಕ್ಕದಲ್ಲಿದ್ದ ಎರವಲು ಸ್ಪೀಕರ್ ಪೆಟ್ಟಿಗೆ ನನ್ನ ಕಣ್ಣಿಗೆ ಬಿತ್ತು. ಅದರ ವೈರು ಕೀಳಿಸಿದೆ. ಪೂರ್ತಿ ಸದ್ದಿನಲ್ಲಿ, ಪೆಡಲ್ ಒತ್ತಿಯೇ, ಹಾಡಿತು!

ಆಂಪ್ಲಿಫೈಯರಿನ ಬೆನ್ನಿಗೆ, 4 ಓಮ್‌ಗಿಂತ ಕಡಿಮೆ ಬೇಡ ಎಂದು ಬರೆದೇ ಇತ್ತು. ಒಳಗಿನ ಸ್ಪೀಕರ್ 8 ಓಮ್. ಎರವಲು ಪೆಟ್ಟಿಗೆಯ ಚೀಟಿ ಕಿತ್ತುಹೋಗಿತ್ತು, ಸ್ಕ್ರೂ ಬಿಚ್ಚಿ ನೋಡಿದರೆ 4. ಎರಡನ್ನೂ ಸಮಾಂತರವಾಗಿ ಜೋಡಿಸಿದರೆ 12 ಆಗುವುದಿಲ್ಲ, 2.67ಕ್ಕೆ ಇಳಿಯುತ್ತದೆ ಎಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಫೋನಿನಲ್ಲೇ ಲೆಕ್ಕ ಹೇಳಿದರು. ಓಮ್ ಇಳಿದಷ್ಟೂ ಕರೆಂಟು ಹೆಚ್ಚು ಹರಿಯುತ್ತದೆ. ಪೆಡಲ್ ಇಲ್ಲದಾಗ ಹೇಗೋ ತಾಳಿಕೊಂಡಿದ್ದ ಯಂತ್ರ, ತಗ್ಗು ಸ್ವರದ ಭಾರವೂ ಬಿದ್ದಾಗ ಸುಟ್ಟುಹೋಗುವ ಮೊದಲು ತಾನೇ ನಿಲ್ಲುತ್ತಿತ್ತು. ಗೆಳೆಯನಿಂದ 8 ಓಮಿನ ಪೆಟ್ಟಿಗೆ ತಂದ. ಎಂಟಕ್ಕೆ ಎಂಟು ಸೇರಿದರೆ ನಾಲ್ಕು. (ಈ ಗಣಿತ ನನಗೆ ಈಗಲೂ ಜೀರ್ಣವಾಗಿಲ್ಲ.)

ಆ ಸಂಜೆ ಮೊದಲ ಸಲ ಅವನ ಕೋಣೆಯಲ್ಲಿ ಕೂತೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದಂತೆ. ಪೆಡಲ್ ಸೇರಿಸುವುದು ಅದರ ಅರ್ಧ, 20ರ ಹತ್ತಿರ. ನಮ್ಮ ಕಿವಿಯ ಕೆಳಮಿತಿಯೂ ಅಷ್ಟೇ ಎಂದು ಮಕ್ಕಳ ಪಾಠದಲ್ಲಿದೆ. ಆ ತಂತಿ ಮೀಟಿದಾಗ ಸ್ಪೀಕರಿನ ಕಾಗದ ಏದುಸಿರು ಬಿಡುವವರ ಎದೆಯಂತೆ ಹಿಂದೆ ಮುಂದೆ ಆಡುತ್ತಿತ್ತು. ನನಗೆ ಕೇಳಿಸಿದ್ದು ಮಾತ್ರ ಬಹಳ ಕಡಿಮೆ.

"ಕೇಳದೇ ಇದ್ದರೆ ಯಾಕೋ ಇಷ್ಟು ಒದ್ದಾಟ?"

"ಇಲ್ಲದಿದ್ದಾಗ ಗೊತ್ತಾಗುತ್ತೆ ಬಿಡಮ್ಮ" ಎಂದ, ತಲೆ ಎತ್ತದೆ.

6,000ದ ಆಸೆಯನ್ನು ಅವನಿಗೆ ಹೇಳಲಿಲ್ಲ.

ಪೆಂಡಾಲಿನಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದೆ. ನಾಲ್ಕನೆಯ ಹಾಡಿನ ನಡುವೆ ಅವನ ಕಾಲು ಮುಂದೆ ಸರಿಯಿತು. ಪ್ಲಾಸ್ಟಿಕ್ ಕುರ್ಚಿಯ ಕೈ ನನ್ನ ಅಂಗೈಯಡಿ ಸಣ್ಣಗೆ ನಡುಗಿತು. ಪಕ್ಕದಲ್ಲಿದ್ದವರ ತೋಳು ಹಿಡಿದು, "ಕೇಳಿಸ್ತಾ?" ಎಂದೆ.

"ಏನ್ರೀ, ಹಾಡು ತಾನೆ?" ಎಂದರು ಅವರು.